ದೇವನಹಳ್ಳಿ ಬಿಟ್ಟು ಚೆನ್ನೈನಿಂದ ಬಾಲಿಗೆ: ನಮ್ಮ ಐದು ಜನರ ಟಿಕೆಟ್ ಲೆಕ್ಕ

ಕೋಲಾರದಿಂದ ದೇವನಹಳ್ಳಿ ಏರ್‌ಪೋರ್ಟ್‌ಗೆ ಒಂದೂವರೆ ಗಂಟೆ ದಾರಿ. ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನವೂ ಇದೆ, 2024ರ ಮಾರ್ಚ್ ಕೊನೆಯಲ್ಲಿ ಶುರುವಾಯಿತು. ಇಷ್ಟೆಲ್ಲ ಮನೆ ಬಾಗಿಲಲ್ಲೇ ಇರುವಾಗ, ಹೆಂಡತಿ ಮಕ್ಕಳನ್ನು ಬಂಗಾರಪೇಟೆಯಲ್ಲಿ ರೈಲು ಹತ್ತಿಸಿ, ಚೆನ್ನೈಗೆ ಹೋಗಿ, ಅಲ್ಲಿಂದ ಕೌಲಾಲಂಪುರ, ಅಲ್ಲೊಂದು ರಾತ್ರಿ ಮಲಗಿ ಮರುದಿನ ಬಾಲಿಗೆ ಹೋಗ್ತೀನಿ ಅಂದಾಗ ನಮ್ಮ ಟೊಮೆಟೊ ಮಂಡಿಯಲ್ಲಿ ಒಬ್ಬರೂ ನಗದೇ ಇರಲಿಲ್ಲ. "ಮೂಗು ಹಿಡಿಯೋಕೆ ಕೈಯನ್ನ ತಲೆ ಸುತ್ತಾ ತರ್ತೀಯಲ್ಲಣ್ಣಾ" ಅಂದರು. ಹೋಗಿ ಬಂದಿದ್ದೇವೆ. ಐವರೂ. ಅದಕ್ಕೇ ಬರೆಯುತ್ತಿದ್ದೇನೆ.

ಆ್ಯಪ್‌ನಲ್ಲಿ ದರ ನೋಡೋದು ಹೇಗೆ, ಪಾಸ್‌ಪೋರ್ಟ್ ಮಾಡಿಸೋದು ಹೇಗೆ ಅಂತ ಇಲ್ಲಿ ಹೇಳಲ್ಲ. ಅದು ನಿಮಗೆ ಗೊತ್ತು.

ಮೊದಲು ನನ್ನ ಮಾನ ಹೋದ ಕಥೆ. 2023ರ ಜುಲೈನಲ್ಲಿ ನಮ್ಮ ಕೋಲಾರ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿತ್ತು, ನೆನಪಿರಬೇಕು. ನಾನು ಕಮಿಷನ್ ವ್ಯಾಪಾರದವನು, ರೈತನಷ್ಟು ಅಲ್ಲದಿದ್ದರೂ ನನ್ನ ಕೈಯಲ್ಲೂ ನಾಲ್ಕು ಕಾಸು ಆಡಿತು. "ರೀ, ಈ ಸಲವಾದ್ರೂ ಸಮುದ್ರ ತೋರಿಸ್ತೀರಾ, ಇಲ್ಲ ಮತ್ತೆ ಸೈಟು ಅಂತೀರಾ?" ಅಂದಳು ಹೆಂಡತಿ. ಬೆಂಗಳೂರಿನ ಒಬ್ಬ ಏಜೆಂಟ್ ಬಾಲಿ ಪ್ಯಾಕೇಜ್‌ಗೆ ತಲೆಗೆ 64 ಸಾವಿರದ ಹತ್ತಿರ ಹೇಳಿದ. ಐದು ಜನ ಅಂದರೆ ನಾನು, ಹೆಂಡತಿ, ಇಬ್ಬರು ಮಕ್ಕಳು, ಬಾಮೈದ. ಮೂರು ಲಕ್ಷ ಇಪ್ಪತ್ತು ಸಾವಿರ, ಅದರ ಮೇಲೆ ಆಗ 5% ಟಿಸಿಎಸ್, ಅಂದರೆ ಏಜೆಂಟೇ ಮುಂಚೆ ಹಿಡಿದುಕೊಳ್ಳೋ ಆದಾಯ ತೆರಿಗೆ. ಟಿಸಿಎಸ್ ರಿಟರ್ನ್ ಹಾಕಿದಾಗ ವಾಪಸ್ ಬರುತ್ತೆ ಅನ್ನೋದು ಬೇರೆ ಮಾತು, ಆಗ ಕೈಯಿಂದ ಹೋಗೋದು ಹೋಗುತ್ತಲ್ಲ. ಬರೀ ಟಿಕೆಟ್ ನಾವೇ ತಗೊಂಡರೆ ಅದು ಇಲ್ಲ. ಸರಿ, ನಾನೇ ಮಾಡ್ತೀನಿ ಅಂತ ಕೂತೆ.

ಜಾಣತನ ಅಂತ ಎರಡು ಬೇರೆ ಬೇರೆ ಕಂಪನಿಯ ಟಿಕೆಟ್ ತೆಗೆದೆ. ಬೆಂಗಳೂರು-ಕೌಲಾಲಂಪುರ ಒಂದು, ಕೌಲಾಲಂಪುರ-ಬಾಲಿ ಇನ್ನೊಂದು. ನಡುವೆ ಎರಡು ಗಂಟೆ ನಲವತ್ತು ನಿಮಿಷ ಬಿಡುವು. ಸಾಕು ಅಂದುಕೊಂಡೆ. ಹೊರಡೋಕೆ ಒಂದು ವಾರ ಇದ್ದಾಗ ಮೊದಲ ವಿಮಾನದ ಸಮಯ ಐದು ಗಂಟೆ ಮುಂದಕ್ಕೆ ಹೋಯಿತು. ಆ ಕಂಪನಿ ದುಡ್ಡು ವಾಪಸ್ ಕೊಟ್ಟಿತು. ಎರಡನೆಯದಕ್ಕೂ ಇದಕ್ಕೂ ಸಂಬಂಧವೇ ಇಲ್ಲವಲ್ಲ, ಅವರು ಯಾಕೆ ಕೊಡ್ತಾರೆ? ಐದು ಜನರ ಹೋಗಿ ಬರುವ ಟಿಕೆಟ್, 41 ಸಾವಿರ, ನೀರಿಗೆ ಹೋಯಿತು. ಆಮೇಲೆ ಗೊತ್ತಾಯಿತು, ವಿಮಾನ ಸಮಯಕ್ಕೆ ಬಂದಿದ್ದರೂ ನಾವು ಸಿಕ್ಕಿಬೀಳುತ್ತಿದ್ದೆವು. ಒಂದು ಇಳಿಯೋದು ಟರ್ಮಿನಲ್ ಒಂದರಲ್ಲಿ, ಇನ್ನೊಂದು ಹೊರಡೋದು ಟರ್ಮಿನಲ್ ಎರಡರಲ್ಲಿ. ನಡುವೆ ರೈಲಿದೆ, ಆದರೆ ಅದನ್ನು ಹತ್ತಬೇಕು ಅಂದರೆ ಇಮಿಗ್ರೇಷನ್ ದಾಟಿ ಹೊರಗೆ ಬರಬೇಕು. ಆಗ ಮಲೇಷ್ಯಾಕ್ಕೆ ನಮ್ಮವರಿಗೆ ವೀಸಾ ಬೇಕಿತ್ತು, ನಾನು ಮಾಡಿಸಿರಲಿಲ್ಲ.

ಆ ವರ್ಷ ದಸರಾ ರಜೆಗೆ ಧರ್ಮಸ್ಥಳ, ಗೋಕರ್ಣ ನೋಡಿಕೊಂಡು ಬಂದೆವು. "ಬಾಲಿಗೆ ಅಂತ ಹೊರಟು ಮಂಜುನಾಥನ ಹತ್ರ ಹೋದ" ಅನ್ನೋ ಮಾತು ಮಂಡಿಯಲ್ಲಿ ಆರು ತಿಂಗಳು ಓಡಿತು. ಸಮುದ್ರ ಕಂಡಿತು, ಇಲ್ಲ ಅನ್ನಲ್ಲ.

2023ರ ಡಿಸೆಂಬರ್ 1ರಿಂದ ಮಲೇಷ್ಯಾ ನಮ್ಮ ಪಾಸ್‌ಪೋರ್ಟ್‌ಗೆ 30 ದಿನ ವೀಸಾ ಇಲ್ಲದೆ ಬಿಡೋಕೆ ಶುರು ಮಾಡಿತು. ಪೇಪರ್‌ನಲ್ಲಿ ಅದನ್ನು ಓದಿದ ದಿನವೇ ನನ್ನ ಹಳೇ ಲೆಕ್ಕ ಮತ್ತೆ ತೆಗೆದೆ. ಟಿಕೆಟ್ ತುಂಡು ಮಾಡಿದ್ದು ತಪ್ಪಲ್ಲ, ನಡುವೆ ಎರಡೂವರೆ ಗಂಟೆ ಇಟ್ಟಿದ್ದು ತಪ್ಪು. ಒಂದು ಪೂರ್ತಿ ರಾತ್ರಿ ಇಟ್ಟುಬಿಟ್ಟರೆ? ವಿಮಾನ ಐದು ಗಂಟೆ ತಡವಾದರೂ, ಹತ್ತು ಗಂಟೆ ತಡವಾದರೂ ಮುಂದಿನದು ಸಿಗುತ್ತೆ. ಹೋಟೆಲ್ ಖರ್ಚು ಬೀಳುತ್ತೆ, ಬೀಳಲಿ. ಅದೇ ನನ್ನ ಇನ್ಶೂರೆನ್ಸ್ ಅಂದುಕೊಂಡೆ.

ಸಿಂಗಾಪುರದ ದಾರಿಯೂ ನೋಡಿದೆ. ಹೊರಗೆ ಬರಬೇಕಂದರೆ ನಮಗೆ ವೀಸಾ ಬೇಕು, ಅಲ್ಲಿಗೇ ಬಿಟ್ಟೆ. ಬ್ಯಾಂಕಾಕ್ ಆಗಬಹುದಿತ್ತು, ಥಾಯ್ಲೆಂಡ್‌ಗೂ ಆಗ ವೀಸಾ ಬೇಡ, ಆದರೆ ಬ್ಯಾಂಕಾಕ್‌ನಿಂದ ಬಾಲಿ ದೂರ ಜಾಸ್ತಿ, ತಲೆಗೆ ಮೂರು ಸಾವಿರದ ಹತ್ತಿರ ಮೇಲೆ ಬಂತು. ಮಾರಿಷಸ್ ಕೂಡ ನೋಡಿದೆ, ವೀಸಾ ತಕರಾರಿಲ್ಲ, ಸಮುದ್ರ ಚೆನ್ನಾಗಿದೆ ಅಂತಾರೆ. ಆದರೆ ವಿಮಾನ ಕಡಿಮೆ. ಎರಡೇ ಲಾರಿ ಬರೋ ದಿನ ಮಂಡಿಯಲ್ಲಿ ಬೆಲೆ ಇಳಿಯುತ್ತಾ?

ಆಮೇಲೆ ಮೂರು ತಿಂಗಳು ದರ ಬರೆದಿಟ್ಟೆ. ರಾತ್ರಿ ಮಂಡಿ ಲೆಕ್ಕದ ಪಟ್ಟಿ ಬರೆದು ಮುಗಿಸಿದ ಮೇಲೆ ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ, ನಾಲ್ಕು ದಾರಿ, ನಾಲ್ಕು ದರ. ಹೆಂಡತಿಗೆ ತಮಾಷೆ. ಆದರೆ ಅದರಿಂದ ಎಷ್ಟೋ ಪುಕಾರು ಸುಳ್ಳು ಅಂತ ಗೊತ್ತಾಯಿತು. ಮಂಗಳವಾರ ಟಿಕೆಟ್ ಅಗ್ಗ ಅಂತಾರಲ್ಲ, ನನ್ನ ಪುಸ್ತಕದಲ್ಲಿ ಹಾಗೇನೂ ಕಾಣಲಿಲ್ಲ. ಬುಕ್ ಮಾಡೋ ದಿನ ಅಲ್ಲ, ಹಾರೋ ವಾರ ಮುಖ್ಯ. ಇನ್ನೊಂದು, ಪದೇ ಪದೇ ನೋಡಿದರೆ ಕಂಪನಿಗೆ ಗೊತ್ತಾಗಿ ದರ ಏರಿಸ್ತಾರೆ ಅನ್ನೋದು. ನನ್ನ ಫೋನ್, ಬಾಮೈದನ ಫೋನ್, ಮಂಡಿ ಹುಡುಗನ ಫೋನ್, ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೇ ಹೊತ್ತಿಗೆ ನೋಡಿದೆವು, ಗುಪ್ತವಾಗಿ ನೋಡೋ ವಿಂಡೋ ಅಂತಾರಲ್ಲ ಅದರಲ್ಲೂ ನೋಡಿದೆವು. ಹತ್ತು ಹನ್ನೆರಡು ಸಲ. ಅದೇ ದರ. ಒಂದು ಸಲ ಮಾತ್ರ ವ್ಯತ್ಯಾಸ ಬಂತು, ಅದು ಹುಡುಗ ಟೀ ತರೋಕೆ ಹೋಗಿ ಕಾಲು ಗಂಟೆ ಬಿಟ್ಟು ನೋಡಿದ್ದಕ್ಕೆ.

ನಿಜವಾಗಿ ದುಡ್ಡು ಉಳಿಸಿದ ಪತ್ತೆ ಬೇರೆ. ಒಬ್ಬನಿಗೆ ಅಂತ ಹುಡುಕಿದರೆ 5,900 ತೋರಿಸೋ ಸೀಟು, ಐದು ಜನಕ್ಕೆ ಅಂತ ಹುಡುಕಿದರೆ ತಲೆಗೆ 7,100 ತೋರಿಸುತ್ತಿತ್ತು. ಮೊದಲು ಮೋಸ ಅಂದುಕೊಂಡೆ. ಮೋಸ ಅಲ್ಲ, ಇದು ಹರಾಜು. ಒಂದೇ ರೈತನ ಮಾಲು ಲಾಟ್ ಲಾಟಾಗಿ ಬೇರೆ ಬೇರೆ ಬೆಲೆಗೆ ಹೋಗಲ್ವಾ, ಹಾಗೆ ಅವರೂ ಸೀಟುಗಳನ್ನು ಲಾಟ್ ಮಾಡಿ ಇಟ್ಟಿರುತ್ತಾರೆ. ಕಡಿಮೆ ಬೆಲೆಯ ಲಾಟ್‌ನಲ್ಲಿ ಎರಡೋ ಮೂರೋ ಸೀಟು ಉಳಿದಿರುವಾಗ ನೀವು ಐದು ಕೇಳಿದರೆ ಐದನ್ನೂ ಮುಂದಿನ ಲಾಟ್ ಬೆಲೆಗೇ ಕೊಡುತ್ತಾರೆ. ಹಾಗಾಗಿ ನಾನು ಒಂದು, ಎರಡು, ಮೂರು ಅಂತ ಬೇರೆ ಬೇರೆ ಹುಡುಕಿ, ಹೆಂಡತಿ ಮತ್ತು ಮಕ್ಕಳು ಒಂದು ಬುಕಿಂಗ್, ನಾನು ಬಾಮೈದ ಒಂದು ಬುಕಿಂಗ್ ಅಂತ ಮಾಡಿದೆ. ಮಕ್ಕಳನ್ನು ದೊಡ್ಡವರಿಲ್ಲದ ಬುಕಿಂಗ್‌ಗೆ ಹಾಕಬೇಡಿ. ನಾಲ್ಕೂ ವಿಮಾನ ಸೇರಿ ಇದರಲ್ಲೇ ಆರೇಳು ಸಾವಿರ ಉಳಿದಿರಬೇಕು.

ಇನ್ನು ಹಾರೋ ವಾರ. ಇದು ನಮ್ಮ ಕಡೆಯವರಿಗೆ ಮಾತ್ರ ಸಿಗೋ ಲಾಭ. ನಮ್ಮ ಸ್ಟೇಟ್ ಸಿಲಬಸ್ ಶಾಲೆಗಳಿಗೆ 2024ರಲ್ಲಿ ದಸರಾ ರಜೆ ಅಕ್ಟೋಬರ್ 3ರಿಂದ 20ರ ತನಕ ಇತ್ತು. ವಿಜಯದಶಮಿ 12ಕ್ಕೆ. ಬೆಂಗಳೂರಿನ ದೊಡ್ಡ ಸ್ಕೂಲುಗಳಲ್ಲಿ ಇಷ್ಟು ರಜೆ ಎಲ್ಲಿ ಕೊಡ್ತಾರೆ? ಹಬ್ಬ ಮುಗಿದ ಸೋಮವಾರ ಅವರೆಲ್ಲ ವಾಪಸ್. ನಮ್ಮ ಮಕ್ಕಳಿಗೆ ಇನ್ನೂ ಒಂದು ವಾರ ಬಾಕಿ. ಆ ವಾರ ದರ ಧಡಕ್ಕನೆ ಇಳಿದಿರುತ್ತೆ. ಬಾಲಿಯಲ್ಲೂ ಜುಲೈ-ಆಗಸ್ಟ್ ಪ್ರವಾಸಿಗರ ಜಾತ್ರೆ ಮುಗಿದಿರುತ್ತೆ, ಅಲ್ಲಿ ಮಳೆ ಜೋರಾಗೋದು ನವೆಂಬರ್ ಮೇಲೆ. ದುಬಾರಿ ಫೀಸ್ ಕಟ್ಟೋ ಸ್ಕೂಲಿಗೆ ಮಕ್ಕಳನ್ನು ಸೇರಿಸಿಲ್ಲ ಅಂತ ನೆಂಟರು ಆಡಿಕೊಳ್ಳುತ್ತಿದ್ದರು. ಅದೇ ಉಪಯೋಗಕ್ಕೆ ಬಂತು.

ಎಷ್ಟು ದಿನ ಮುಂಚೆ ಬುಕ್ ಮಾಡಿದೆ ಅಂದರೆ ಎಪ್ಪತ್ತು ಎಂಬತ್ತು ದಿನ. ಅದರಲ್ಲಿ ಯಾವ ವಾರ, ರಾತ್ರಿ ಎಷ್ಟು ಹೊತ್ತಿಗೆ ಅನ್ನೋದು ನನ್ನ ಪುಸ್ತಕದಲ್ಲಿದೆ. ಅಲ್ಲೇ ಇರಲಿ.

ಚೆನ್ನೈ ಯಾಕೆ ಅಂತ ಎಲ್ಲರೂ ಕೇಳ್ತಾರೆ. ಮಲೇಷ್ಯಾದಲ್ಲಿ ತಮಿಳರು ಎಷ್ಟಿದ್ದಾರೆ ಅಂತ ನಿಮಗೆ ಗೊತ್ತು. ಚೆನ್ನೈ-ಕೌಲಾಲಂಪುರ ನಡುವೆ ವರ್ಷವಿಡೀ ಜನ ಓಡಾಡ್ತಾರೆ, ಮೂರ್ನಾಲ್ಕು ಕಂಪನಿ ಪೈಪೋಟಿ ಮೇಲೆ ವಿಮಾನ ಬಿಟ್ಟಿದ್ದಾರೆ. ಬೆಂಗಳೂರಿನಿಂದಲೂ ಕೌಲಾಲಂಪುರಕ್ಕೆ ಇದೆ, ಆದರೆ ನಾನು ನೋಡಿದ ಆ ವಾರ ತಲೆಗೆ ಎರಡೂವರೆ ಮೂರು ಸಾವಿರ ಜಾಸ್ತಿ, ಒಂದು ಕಡೆಗೆ. ಐದು ಜನ, ಹೋಗಿ ಬರೋಕೆ ಲೆಕ್ಕ ಹಾಕಿ. ಬೆಂಗಳೂರು ಜಯನಗರದವರಿಗೆ ಇದು ಗಿಟ್ಟಲ್ಲ, ಅವರು ಸುಮ್ನೆ ದೇವನಹಳ್ಳಿಗೇ ಹೋಗಲಿ. ನಮಗೆ ಬಂಗಾರಪೇಟೆ ಹತ್ತಿರ, ಅಲ್ಲಿ ಹಗಲು ರೈಲಿನಲ್ಲಿ ಕೂತರೆ ನೇರ ಚೆನ್ನೈ ಸೆಂಟ್ರಲ್, ಅಲ್ಲಿಂದ ಮೆಟ್ರೋದ ನೀಲಿ ಲೈನ್ ಏರ್‌ಪೋರ್ಟ್ ಒಳಗೇ ಬಿಡುತ್ತೆ. ಕೋಲಾರದಿಂದ ದೇವನಹಳ್ಳಿಗೆ ಐದು ಜನಕ್ಕೆ ಒಂದು ಟ್ಯಾಕ್ಸಿ 2,800 ಕೇಳ್ತಾರೆ. ಬಂಗಾರಪೇಟೆ ಆಟೋ, ರೈಲು, ಮೆಟ್ರೋ ಎಲ್ಲ ಸೇರಿ ಹೋಗೋಕೆ ನಮಗೆ ಸಾವಿರದ ಐನೂರೂ ಆಗಲಿಲ್ಲ.

ಬ್ಯಾಗ್ ವಿಷಯಕ್ಕೆ ಬರ್ತೀನಿ. ಅಗ್ಗದ ಟಿಕೆಟ್‌ನಲ್ಲಿ ತಲೆಗೆ 7 ಕೆಜಿ ಕೈಚೀಲ ಅಷ್ಟೇ. ನಾನು ಒಬ್ಬನ ಹೆಸರಲ್ಲಿ ಮಾತ್ರ 20 ಕೆಜಿ ಕೊಂಡೆ, ನಾಲ್ಕೂ ವಿಮಾನಕ್ಕೆ ಸೇರಿ ಏಳು ಸಾವಿರದ ಹತ್ತಿರ. ಉಳಿದದ್ದು ಎಲ್ಲ ಏಳು ಏಳು. ಮನೆ ತಕ್ಕಡಿ ನಂಬಲಿಲ್ಲ. ಹಿಂದಿನ ದಿನ ರಾತ್ರಿ ಎಲ್ಲ ಬ್ಯಾಗ್ ಗಾಡಿಗೆ ಹಾಕಿಕೊಂಡು ಮಂಡಿಗೆ ಹೋಗಿ ಬಾಕ್ಸ್ ತೂಗೋ ಯಂತ್ರದ ಮೇಲೆ ಇಟ್ಟು ತೂಗಿದೆ. ಹೆಂಡತಿಯದು ಒಂಬತ್ತು ಚಿಲ್ಲರೆ. ಬಿಚ್ಚಿದರೆ ಚಟ್ನಿಪುಡಿ, ಅವಲಕ್ಕಿ, ಹುರಿಹಿಟ್ಟು, ಮಾವಿನಕಾಯಿ ಉಪ್ಪಿನಕಾಯಿ, ಜೊತೆಗೆ ಅವಳಮ್ಮ ಕೊಟ್ಟ ಎರಡು ಗಿಟುಕು ಕೊಬ್ಬರಿ. ಒಣ ಕೊಬ್ಬರಿ ಬೆಂಕಿ ಹತ್ತೋ ವಸ್ತು ಅಂತ ವಿಮಾನದಲ್ಲಿ ಬಿಡಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ತೆಗೆಸಿದೆ. ಉಪ್ಪಿನಕಾಯಿಯನ್ನು ದೊಡ್ಡ ಬ್ಯಾಗ್‌ಗೆ ಹಾಕು ಅಂದೆ. ಹೂಂ ಅಂದಳು. ಚೆನ್ನೈ ಸೆಕ್ಯೂರಿಟಿಯಲ್ಲಿ ಅದು ಅವಳ ಕೈಚೀಲದಿಂದಲೇ ಈಚೆ ಬಂತು. ಎಣ್ಣೆ ಇರೋ ಪದಾರ್ಥ, ಅರ್ಧ ಕೆಜಿ ಡಬ್ಬಿ, ಬಿಡ್ತಾರಾ? ಬಾಲಿ ತಲುಪೋ ತನಕ ಆ ವಿಷಯ ಎತ್ತಬೇಡಿ ಅಂದಿದ್ದಳು, ಎತ್ತಲಿಲ್ಲ.

ಅದಕ್ಕಿಂತ ದೊಡ್ಡ ಗಾಬರಿ ಇಮಿಗ್ರೇಷನ್‌ನಲ್ಲಿ. ನನ್ನ ಬಾಮೈದ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ, ಹಾಗಾಗಿ ಅವನ ಪಾಸ್‌ಪೋರ್ಟ್ ಮೇಲೆ ಇಸಿಆರ್ ಅಂತ ಇದೆ, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗೋಕೆ ಸರ್ಕಾರದ ಅನುಮತಿ ಬೇಕು ಅಂತ. ಮಲೇಷ್ಯಾ, ಬಾಲಿ ಇರೋ ಇಂಡೋನೇಷ್ಯಾ ಎರಡೂ ಆ ಪಟ್ಟಿಯ ದೇಶಗಳು. ಕೆಲಸಕ್ಕೆ ಹೋಗೋರಿಗೆ ಮಾತ್ರ ಅನುಮತಿ ಬೇಕು, ಸುತ್ತಾಡೋಕೆ ಹೋಗೋರಿಗೆ ಬೇಡ. ಆದರೆ ನೀನು ಸುತ್ತಾಡೋಕೇ ಹೋಗ್ತಿದ್ದೀಯ ಅನ್ನೋದನ್ನು ಅವರಿಗೆ ತೋರಿಸಬೇಕಲ್ಲ. ರಿಟರ್ನ್ ಟಿಕೆಟ್ ಎಲ್ಲಿ ಅಂತ ಕೇಳಿದರು. ನಮ್ಮದು ತುಂಡು ತುಂಡು ಟಿಕೆಟ್, ಒಂದೇ ಹಾಳೆಯಲ್ಲಿ ಹೋಗಿ ಬರೋದು ಇಲ್ಲವೇ ಇಲ್ಲ. "ಭಾವ, ನನ್ನ ಬಿಟ್ಟು ನೀವು ಹೋಗ್ಬಿಡಿ" ಅಂತ ಅವನು ಬೆವೆತುಬಿಟ್ಟ. ನಾನು ನಾಲ್ಕೂ ಟಿಕೆಟ್, ಎರಡೂ ಕಡೆ ರೂಮ್ ಬುಕಿಂಗ್ ಎಲ್ಲ ಪ್ರಿಂಟ್ ತೆಗೆಸಿ, ತಾರೀಕು ಪ್ರಕಾರ ಪಿನ್ ಹೊಡೆದು ಇಟ್ಟಿದ್ದೆ. ಒಂದೊಂದೇ ಹಾಳೆ ತಿರುವಿ ತಮಿಳಿನಲ್ಲಿ ವಿವರಿಸಿದೆ. ಕೋಲಾರದವರಿಗೆ ತಮಿಳು ತೆಲುಗು ಬರದೇ ಇರುತ್ತಾ? ಹತ್ತು ನಿಮಿಷ ಆಯಿತು, ಬಿಟ್ಟರು. ತುಂಡು ಟಿಕೆಟ್‌ನವರು ಫೋನ್ ನಂಬಬೇಡಿ, ಕಾಗದ ಇಟ್ಟುಕೊಳ್ಳಿ.

ನನ್ನ ಲೆಕ್ಕದಲ್ಲಿ ಒಂದು ಓಟೆ ಇತ್ತು, ಅದನ್ನೂ ಹೇಳಿಬಿಡ್ತೀನಿ. ನಾವು ಹಾರಿದ್ದು ಅಕ್ಟೋಬರ್ 14 ಕಳೆದು 15ರ ನಡುರಾತ್ರಿ. ಅದೇ 15ರಂದು ಚೆನ್ನೈನಲ್ಲಿ ಜೋರು ಮಳೆ ಹಿಡಿಯಿತು, 16ಕ್ಕೆ ರೆಡ್ ಅಲರ್ಟ್ ಕೊಟ್ಟಿದ್ದರು. ಕೌಲಾಲಂಪುರದಲ್ಲಿ ಕೂತು ಫೋನ್‌ನಲ್ಲಿ ಆ ನೀರು ನಿಂತ ರಸ್ತೆ ನೋಡಿದಾಗ ನನ್ನ ಹೊಟ್ಟೆ ತಣ್ಣಗಾಯಿತು. ಒಂದೇ ದಿನದ ಅಂತರ. ಹಿಂಗಾರು ಮಳೆ ಚೆನ್ನೈಗೆ ಬರೋದು ಆ ಹೊತ್ತಿಗೇ ಅನ್ನೋದು ನನಗೆ ಹೊಳೆದೇ ಇರಲಿಲ್ಲ, ಟೊಮೆಟೊ ಲಾರಿ ಕಳಿಸೋನಿಗೆ ಹೊಳೆಯಬೇಕಿತ್ತು. ಅದೃಷ್ಟ ಇತ್ತು, ಅಷ್ಟೇ. ನೀವು ಮಾಡೋದಾದರೆ ಚೆನ್ನೈ ಕಡೆಗೂ ಒಂದು ದಿನ ಮುಂಚೆ ಹೋಗಿರಿ.

ಕೌಲಾಲಂಪುರದಲ್ಲಿ ಬೆಳಿಗ್ಗೆ ಇಳಿದೆವು. ಅವರ ಡಿಜಿಟಲ್ ಅರೈವಲ್ ಕಾರ್ಡ್ ಇಳಿಯೋಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕು, ಐದು ಜನರದ್ದೂ ಮನೆಯಲ್ಲೇ ತುಂಬಿದ್ದೆ. ಇನ್ಶೂರೆನ್ಸ್ ಅಂತ ಇಟ್ಟುಕೊಂಡ ದಿನ ನಿಜಕ್ಕೂ ಪ್ರವಾಸವೇ ಆಯಿತು. ಬಟು ಕೇವ್ಸ್‌ಗೆ ರೈಲಿನಲ್ಲೇ ಹೋದೆವು. 140 ಅಡಿ ಸುಬ್ರಹ್ಮಣ್ಯ, 272 ಮೆಟ್ಟಿಲು. ರಾತ್ರಿಯೆಲ್ಲ ನಿದ್ದೆ ಇಲ್ಲದ ಮಕ್ಕಳು ಓಡಿಕೊಂಡು ಹತ್ತಿದರು, ನಾನು ನೂರರ ಹತ್ತಿರ ಕೂತೆ. ಎರಡು ರೂಮು, ಊಟ, ಓಡಾಟ ಸೇರಿ ಆರೂವರೆ ಸಾವಿರ ಆಗಿರಬಹುದು. ಬರುವಾಗ ರೂಮ್ ಮಾಡಲಿಲ್ಲ, ಏರ್‌ಪೋರ್ಟ್ ಬೆಂಚಿನ ಮೇಲೆ ಮಲಗಿದೆವು. ಅದನ್ನು ಹೆಂಡತಿ ಇನ್ನೂ ಕ್ಷಮಿಸಿಲ್ಲ.

ಬಾಲಿ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ದುಡ್ಡಿನ ಮಾತು ಮಾತ್ರ ಹೇಳ್ತೀನಿ. ಇಳಿದ ಮೇಲೆ ವೀಸಾಕ್ಕೆ ತಲೆಗೆ ಐದು ಲಕ್ಷ ರುಪಿಯಾ, ಅವರ ದುಡ್ಡು, ನಮ್ಮದು 2,700ರ ಹತ್ತಿರ. ಮಕ್ಕಳಿಗೂ ಅಷ್ಟೇ. 2024ರ ಫೆಬ್ರವರಿಯಿಂದ ಪ್ರವಾಸಿ ತೆರಿಗೆ ಬೇರೆ, ಒಂದೂವರೆ ಲಕ್ಷ, ಅಂದರೆ ಸುಮಾರು 800 ರೂಪಾಯಿ. ಐದು ಜನಕ್ಕೆ ಹದಿನೇಳೂವರೆ ಸಾವಿರ ಇದರಲ್ಲೇ ಹೋಯಿತು, ಬಜೆಟ್ ಮಾಡುವಾಗ ಇದನ್ನು ಮರೆಯೋರು ಜಾಸ್ತಿ. ಸೊನ್ನೆಗಳ ಊರು ಅದು. ರಸ್ತೆ ಬದಿ ದುಡ್ಡು ಬದಲಿಸೋ ಒಂದು ಅಂಗಡಿಯಲ್ಲಿ ಎಣಿಸಿ ಕೊಡುವಾಗ ಎರಡು ನೋಟು ಮೇಜಿನ ಆ ಕಡೆ ಜಾರಿದ್ದು ನನ್ನ ಕಣ್ಣಿಗೆ ಬಿತ್ತು. ದಿನಾ ಕಟ್ಟು ಕಟ್ಟು ಎಣಿಸೋನ ಹತ್ತಿರ ಈ ಆಟ ನಡೆಯುತ್ತಾ? ಸುಮ್ನೆ ಕೈ ಚಾಚಿದೆ, ಅವನೇ ಕೊಟ್ಟ.

ಇನ್ನೊಂದು ಎಚ್ಚರಿಕೆ. ಯುಗಾದಿಗೆ ರಜೆ ಇದೆ ಅಂತ ಬಾಲಿ ಬುಕ್ ಮಾಡೋರು ಅವರ ನ್ಯೇಪಿ ಹಬ್ಬದ ತಾರೀಕು ನೋಡಿಕೊಳ್ಳಿ. ಅವರದೂ ಶಕ ವರ್ಷದ ಹೊಸ ವರ್ಷ, ಎಷ್ಟೋ ಸಲ ನಮ್ಮ ಯುಗಾದಿಯ ಅಕ್ಕಪಕ್ಕವೇ ಬೀಳುತ್ತೆ. 2025ರಲ್ಲಿ ಅವರದು ಮಾರ್ಚ್ 29, ನಮ್ಮದು 30. ನಾವು ಹೋಳಿಗೆ ತಿಂತೀವಿ, ಅವರು ಮೌನ. ಆ ಒಂದು ದಿನ 24 ಗಂಟೆ ಏರ್‌ಪೋರ್ಟೇ ಮುಚ್ಚಿರುತ್ತೆ. ನಾವು ಬಂದ ಮೂರು ವಾರಕ್ಕೆ ಪೂರ್ವಕ್ಕಿರೋ ಫ್ಲೋರೆಸ್ ದ್ವೀಪದ ಜ್ವಾಲಾಮುಖಿ ಬೂದಿಯಿಂದ ಬಾಲಿಯ ವಿಮಾನಗಳು ರದ್ದಾದವು, ಅದಕ್ಕೆ ಯಾರ ಪುಸ್ತಕದಲ್ಲೂ ಲೆಕ್ಕ ಇಲ್ಲ.

ಈಗ ಒಟ್ಟು. ಚೆನ್ನೈ-ಕೌಲಾಲಂಪುರ 6,800, ಕೌಲಾಲಂಪುರ-ಬಾಲಿ 4,900, ಬರುವಾಗ 4,600 ಮತ್ತು 6,400. ತಲೆಗೆ 22,700, ಐದು ಜನಕ್ಕೆ 1,13,500. ಬ್ಯಾಗ್ ಏಳು ಸಾವಿರ. ರೈಲು, ಮೆಟ್ರೋ, ಆಟೋ ಎರಡೂ ಕಡೆ ಮೂರು ಸಾವಿರ. ಕೌಲಾಲಂಪುರ ಆರೂವರೆ. ನಡುವಿನ ಎರಡು ಟಿಕೆಟ್‌ಗೆ ದುಡ್ಡು ರಿಂಗಿಟ್‌ನಲ್ಲಿ ಹೋಯಿತು, ನನ್ನ ಬ್ಯಾಂಕ್ ಕಾರ್ಡ್ ಅದರ ಮೇಲೆ ಮೂರೂವರೆ ಪರ್ಸೆಂಟ್ ಹಾಕಿತು, ಅದಕ್ಕೆ ಜಿಎಸ್‌ಟಿ ಬೇರೆ, ಎರಡು ಸಾವಿರ ದಂಡ. ವಿದೇಶಿ ವಿನಿಮಯ ಶುಲ್ಕ ಇಲ್ಲದ ಕಾರ್ಡ್ ಮೊದಲೇ ಮಾಡಿಸಿದ್ದರೆ ಅದೂ ಉಳಿಯುತ್ತಿತ್ತು. ಎಲ್ಲ ಸೇರಿ 1,32,000. ಬೆಂಗಳೂರಿನಿಂದ ನೇರ ವಿಮಾನ ನಾನು ನೋಡಿದಾಗ ತಲೆಗೆ 36 ಸಾವಿರ, ಟ್ಯಾಕ್ಸಿ ಸೇರಿ 1,85,000 ಮೇಲೆ. ಐವತ್ತಮೂರು ಸಾವಿರ ಉಳಿಯಿತು.

ಇದನ್ನು ಮಂಡಿ ಮುಂದಿನ ಟೀ ಅಂಗಡಿಯಲ್ಲಿ ಎದೆ ಉಬ್ಬಿಸಿ ಹೇಳುತ್ತಿದ್ದೆ. ಹಿಂದೆ ಧರ್ಮಸ್ಥಳದ ಮಾತು ಹಬ್ಬಿಸಿದವನೇ ಅಲ್ಲಿದ್ದ. "ಹೋದ ಸಲದ ನಲವತ್ತೊಂದು ಕಳೀರಿ ಅಣ್ಣಾ" ಅಂದ. ಕಳೆದರೆ ಹನ್ನೆರಡು ಸಾವಿರ. ಎಲ್ಲರೂ ಇನ್ನೊಂದು ಸಲ ನಕ್ಕರು. ಎರಡು ದಿನ ಮಕ್ಕಳಿಗೆ ಶಾಲೆ ತಪ್ಪಿಸಿದ್ದೂ ಲೆಕ್ಕಕ್ಕೆ ಹಾಕು ಅಂದ ಇನ್ನೊಬ್ಬ. 22ಕ್ಕೆ ವಾಪಸ್ ಬಂದದ್ದರಿಂದ ಎರಡು ದಿನ ಹೋಗಿತ್ತು, ನಿಜ.

ಮರುವಾರ ಅದೇ ಧರ್ಮಸ್ಥಳದವನು ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಆರು ಪಾಸ್‌ಪೋರ್ಟ್ ಹಿಡಿದುಕೊಂಡು ಮನೆಗೇ ಬಂದ. "ಅಣ್ಣಾ, ಆ ಪುಸ್ತಕದ ಹಿಂದಿನ ಹಾಳೆ ಒಂದ್ಸಲ ತೋರಿಸಿ" ಅಂದ. ನಾನು ಪಾಸ್‌ಪೋರ್ಟ್ ಒಂದೊಂದೇ ಬಿಚ್ಚಿ ನೋಡಿದೆ. ಅವನದೇ ಪಾಸ್‌ಪೋರ್ಟ್‌ಗೆ ಇನ್ನು ನಾಲ್ಕು ತಿಂಗಳು ಮಾತ್ರ ಬಾಕಿ ಇತ್ತು, ಆರು ತಿಂಗಳಿಲ್ಲದೆ ಅಲ್ಲಿ ಒಳಗೇ ಬಿಡಲ್ಲ. ಕಾಫಿ ಕೊಟ್ಟು, ಮೊದಲು ಇದನ್ನು ರಿನ್ಯೂ ಮಾಡಿಸಿಕೊಂಡು ಬಾ ಅಂತ ಕಳಿಸಿದೆ.